ತಾಯಿತದೊಳಗಿನ ಬಿಸಿ

ನಾನು ಒಂದು ಹೊಕ್ಕುಳಬಳ್ಳಿಯ ಚೂರು. ಮೂಗು ಮುರಿಯಬೇಡಿ. ನಿಮ್ಮ ಹೊಟ್ಟೆಯ ಮೇಲೂ ನನ್ನಂಥದ್ದೊಂದು ಅಂಟಿಕೊಂಡಿತ್ತು. ಒಣಗಿ ಬಿದ್ದ ಮೇಲೆ ನೀವು ಅದನ್ನು ಮರೆತಿರಿ, ಅಷ್ಟೇ. ನಾವು ಯಾರನ್ನೂ ಮರೆಯುವುದಿಲ್ಲ, ಅದೇ ನಮ್ಮ ಹಣೆಬರಹ. ನನ್ನ ಗಾತ್ರ ಈಗ ಅರ್ಧ ಒಣದ್ರಾಕ್ಷಿಯಷ್ಟು, ಬಣ್ಣ ಕಪ್ಪು. ನಲವತ್ತೇಳು ವರ್ಷಗಳಿಂದ ಕಿರುಬೆರಳ ತುದಿಯಷ್ಟು ದಪ್ಪನೆಯ ಬೆಳ್ಳಿ ತಾಯಿತದೊಳಗೆ ನನ್ನ ವಾಸ.

ನಾನು ಹುಟ್ಟಿದ್ದು ಗುಳೇದಗುಡ್ಡದಲ್ಲಿ, ಕುಪ್ಪಸದ ಖಣ ನೇಯುವ ಬಾಳವ್ವನ ಮನೆಯಲ್ಲಿ. ಬಾಳವ್ವನಿಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯವಳು ನೀಲವ್ವ, ಬಾದಾಮಿಯ ಹೈಸ್ಕೂಲಿನ ವಿಜ್ಞಾನದ ಮಾಸ್ತರ ಗುರುಸಿದ್ದಪ್ಪನ ಹೆಂಡತಿ. ಕಿರಿಯವಳು ದ್ರಾಕ್ಷಾಯಣಿ, ಬಾಗಲಕೋಟೆಗೆ ಕೊಟ್ಟವಳು. ಆ ವರ್ಷ ಇಬ್ಬರೂ ಒಟ್ಟಿಗೆ ಹೆರಿಗೆಗೆ ತವರಿಗೆ ಬಂದರು. ಒಂದೇ ಮನೆಯಲ್ಲಿ ಎರಡು ಬಾಣಂತನ ಒಳ್ಳೆಯದಲ್ಲ ಎಂದು ಓಣಿಯ ಹೆಂಗಸರು ಗುಸುಗುಸು ಮಾಡಿದರೆ ಬಾಳವ್ವ, "ಎರಡು ಮಗ್ಗ ನಡಸಾಕಿ ನಾ. ಎರಡು ತೊಟ್ಲ ತೂಗಾಕ ಆಗಂಗಿಲ್ಲೇನು?" ಎಂದು ಅವರ ಬಾಯಿ ಮುಚ್ಚಿಸಿದಳು.

ನೀಲವ್ವನಿಗೆ ಕಸ್ತೂರಿ ಹುಟ್ಟಿದಳು. ಎರಡು ದಿನ ಬಿಟ್ಟು ದ್ರಾಕ್ಷಾಯಣಿಗೆ ಪ್ರಮೀಳಾ ಹುಟ್ಟಿದಳು. ನಾನು ಪ್ರಮೀಳೆಯ ಹೊಟ್ಟೆಯ ಮೇಲಿದ್ದ ಚೂರು. ಇದನ್ನು ನೀವು ನೆನಪಿಟ್ಟುಕೊಳ್ಳಬೇಕು, ಯಾಕೆಂದರೆ ಇದನ್ನು ನೆನಪಿಡಬೇಕಾದವರೇ ಮರೆತರು.

ಆ ಮನೆಯ ಪದ್ಧತಿ ಹೀಗೆ. ಬಿದ್ದ ಬಳ್ಳಿಯನ್ನು ಅರಿಶಿನ ಹಚ್ಚಿ ಒಣಗಿಸಬೇಕು, ಬೆಳ್ಳಿ ತಾಯಿತದಲ್ಲಿ ಹಾಕಿ ಕೂಸಿನ ಉಡದಾರಕ್ಕೆ ಕಟ್ಟಬೇಕು. ಮುಂದೆ ಕೂಸಿಗೆ ದೊಡ್ಡ ಬೇನೆ ಬಂದರೆ ಅದನ್ನು ಹಾಲಿನಲ್ಲಿ ಸಾಣೆಕಲ್ಲಿನ ಮೇಲೆ ತೇದು ನೆಕ್ಕಿಸಬೇಕು. ತನ್ನ ಮೈಯ ಕಣ ತನ್ನ ಮೈಯನ್ನು ಗುರುತಿಸುತ್ತದೆ, ಕೆಟ್ಟದ್ದನ್ನು ಸರಿಮಾಡುತ್ತದೆ ಎಂದು ಅವರ ನಂಬಿಕೆ. ನಾವಿಬ್ಬರೂ ಒಂದೇ ದಿನ ಬಿದ್ದೆವು. ಬಾಳವ್ವ ಕಸ್ತೂರಿಯದನ್ನು ಕೆಂಪು ಖಣದ ತುಂಡಿನ ಮೇಲೆ, ನನ್ನನ್ನು ಹಸಿರು ತುಂಡಿನ ಮೇಲೆ ಇಟ್ಟು, ಎರಡನ್ನೂ ಒಂದೇ ಮೊರದಲ್ಲಿ ಕಿಟಕಿಯ ಬಿಸಿಲಿಗೆ ಬಿಟ್ಟಳು. ಜಿಪುಣಿಯಲ್ಲ, ಮೈಗಳ್ಳಿಯೂ ಅಲ್ಲ. ಇನ್ನೊಂದು ಮೊರದಲ್ಲಿ ಆ ಹೊತ್ತಿಗೆ ಅಕ್ಕಿ ಇತ್ತು, ಅಷ್ಟೇ ಕಾರಣ.

ಮೂರನೆಯ ದಿನ ಬೆಕ್ಕು ಜಿಗಿದು ಮೊರ ಮಗುಚಿತು. ಖಣದ ತುಂಡುಗಳು ಒಂದು ಕಡೆ, ನಾವು ಇನ್ನೊಂದು ಕಡೆ. ಬಾಳವ್ವ ನಮ್ಮಿಬ್ಬರನ್ನೂ ಅಂಗೈಯಲ್ಲಿ ಹಿಡಿದು ಕಿಟಕಿಯ ಹತ್ತಿರ ನಿಂತಳು. ಹೊರಳಿಸಿದಳು, ಮೂಸಿದಳು. ಬಾಣಂತಿಯರು ಒಳಗೆ ಎಣ್ಣೆ ಹಚ್ಚಿಸಿಕೊಂಡು ಮಲಗಿದ್ದರು. "ಉದ್ದಂದು ಹಿರೇ ಮಗಳ ಕೂಸಿಂದು ಇರಬೇಕು" ಎಂದು ತನಗೆ ತಾನೇ ಹೇಳಿಕೊಂಡು ನನ್ನನ್ನು ಕಸ್ತೂರಿಯ ತಾಯಿತಕ್ಕೆ ಹಾಕಿದಳು. ಅಲ್ಲ, ಅಲ್ಲ ಎಂದು ನಾನು ಕೂಗಿಕೊಂಡೆ. ಒಣಗಿದ ಚೂರಿಗೆ ಬಾಯಿ ಎಲ್ಲಿಂದ ಬರಬೇಕು? ಅವಳು ಯಾರಿಗೂ ಹೇಳಲಿಲ್ಲ. ಎರಡೂ ತನ್ನ ಮೊಮ್ಮಕ್ಕಳವೇ, ಯಾವುದಾದರೇನು ಎಂದುಕೊಂಡು ಮಗ್ಗಕ್ಕೆ ಕೂತಳು.

ಹೀಗೆ ನಾನು ಪರರ ಮಗುವಿನ ಸೊಂಟ ಸೇರಿ ಬಾದಾಮಿಗೆ ಬಂದೆ. ನನ್ನೊಳಗೆ ಎಷ್ಟು ಕಣಗಳಿವೆಯೋ ನನಗೇ ಗೊತ್ತಿಲ್ಲ. ಆದರೆ ಒಂದೊಂದಕ್ಕೂ ತಾನು ಯಾರದೆಂದು ಗೊತ್ತು. ಪ್ರಮೀಳಾ, ಪ್ರಮೀಳಾ ಎಂದು ಅವು ಹಗಲೆಲ್ಲ ಜಪಿಸುತ್ತಿದ್ದವು. ಅತ್ತ ಬಾಗಲಕೋಟೆಯಲ್ಲಿ ಪ್ರಮೀಳಾ ಬಿದ್ದು ಮೊಣಕಾಲು ತರಚಿಕೊಂಡರೆ ಇತ್ತ ನಾನು ಬಿಸಿಯಾಗುತ್ತಿದ್ದೆ. ಕಸ್ತೂರಿ ಸೊಂಟ ಕೆರೆದುಕೊಂಡು, "ಅವ್ವಾ, ಇದು ಸುಡತೈತಿ" ಎನ್ನುತ್ತಿದ್ದಳು. "ಬಿಸಲಿಗೆ ಬೆಳ್ಳಿ ಕಾದಿರ್ತೈತಿ, ಹೋಗು ಆಡ್ಕೋ" ಎಂದು ನೀಲವ್ವ ರೊಟ್ಟಿ ಬಡಿಯುತ್ತಲೇ ಹೇಳುತ್ತಿದ್ದಳು.

ಪರಕೀಯಳಾದರೂ ನನಗೆ ಆ ಹುಡುಗಿಯ ಮೇಲೆ ಪ್ರೀತಿ ಬಂತು. ಬಾರದೆ ಏನು ಮಾಡೀತು? ಆರು ವರ್ಷ ಅವಳ ಬೆವರಿನಲ್ಲಿ ನೆನೆದಿದ್ದೆ, ಅವಳು ನಕ್ಕಾಗ ಅವಳ ಹೊಟ್ಟೆಯ ಜೊತೆ ಕುಣಿದಿದ್ದೆ. ಅವಳಿಗೆ ಒಂದು ಚಾಳಿ ಇತ್ತು. ನಿದ್ದೆ ಹತ್ತುವಾಗ ತಾಯಿಯ ಬಲಗಿವಿಯ ಬೆಂಡೋಲೆಯನ್ನು ಒಂದು ಬೆರಳಿನಿಂದ ಸರಿಸಿ, ಕಿವಿಯ ಹಾಲೆಯನ್ನು ಎರಡು ಬೆರಳಲ್ಲಿ ಹಿಡಿದುಕೊಳ್ಳಬೇಕು. ಅದಿಲ್ಲದೆ ಕಣ್ಣು ಮುಚ್ಚುತ್ತಿರಲಿಲ್ಲ. ನೀಲವ್ವ ಕಿವಿ ಕೊಟ್ಟು ಬಗ್ಗಿಕೊಂಡೇ ಕೂರಬೇಕಿತ್ತು, ಬೆನ್ನು ನೋಯುತ್ತದೆ ಎಂದು ಬಯ್ಯುತ್ತಲೇ ಕೂರುತ್ತಿದ್ದಳು.

ಆರನೆಯ ವರ್ಷ ಕಸ್ತೂರಿಗೆ ಮಿದುಳುಜ್ವರ ಬಂತು. ಡಾಕ್ಟರು, ಸೂಜಿ, ಔಷಧ ಎಲ್ಲ ಆಯಿತು. ಜ್ವರ ಇಳಿಯದಾಗ ನೀಲವ್ವ ತಾಯಿತ ಬಿಚ್ಚಿ ನನ್ನನ್ನು ಹಾಲಿನಲ್ಲಿ ತೇದಳು. ನನ್ನ ಒಂದು ಪಾಲು ಆ ಮಗುವಿನ ಗಂಟಲಿನಲ್ಲಿ ಇಳಿಯಿತು. ಒಳಗಿನ ಕಣಗಳು, ನೀನು ಯಾರು, ಯಾರ ಮನೆಯದು ಎಂದು ಕೇಳಿದವು. ನಾನು ನಿಮ್ಮದಲ್ಲ ಎಂದು ಹೇಳಬೇಕಾಯಿತು. ಇಂದಿಗೂ ಅದನ್ನು ನೆನೆದರೆ ನಾಚಿಕೆಯಾಗುತ್ತದೆ. ಮೂರನೆಯ ದಿನ ಕಸ್ತೂರಿ ಹೋದಳು.

ಮಣ್ಣಿಗೆ ಒಯ್ಯುವ ಮುಂಚೆ ಉಡದಾರ ಹರಿದರು. ನೀಲವ್ವ ನನ್ನನ್ನು ಕಿತ್ತುಕೊಂಡು ಕುಪ್ಪಸದೊಳಗೆ ಸೇರಿಸಿದಳು. ಅಳಲಿಲ್ಲ. ಮಣ್ಣು ಮಾಡಿದ ಜಾಗದ ಕಡೆ ಹೋಗಲೂ ಇಲ್ಲ. ನಾಲ್ಕು ದಿನ ಬಿಟ್ಟು ಬಾಗಲಕೋಟೆಯಲ್ಲಿ ಪ್ರಮೀಳೆಗೆ ಕೈಮೇಲೆ ಬಿಸಿನೀರು ಚೆಲ್ಲಿತು, ನಾನು ಕಾದೆ. ನೀಲವ್ವ ತಟ್ಟನೆ ಎದೆ ಹಿಡಿದುಕೊಂಡು ಅಂಗಳಕ್ಕೆ ಓಡಿಬಂದಳು.

"ಬಿಸಿ ಐತಿ! ನೋಡ್ರೀ, ಮುಟ್ಟಿ ನೋಡ್ರಿ! ನನ್ನ ಕೂಸು ಅದಾಳ, ಎಲ್ಲೋ ಅದಾಳ!"

ಅಂದಿನಿಂದ ಆ ಮನೆಯಲ್ಲಿ 'ಸತ್ತಳು' ಎಂಬ ಮಾತನ್ನು ಯಾರೂ ಆಡುವಂತಿರಲಿಲ್ಲ. ದಿನವೂ ಕಸ್ತೂರಿಗೆ ಒಂದು ತಾಟು ಹಾಕಿ ರೊಟ್ಟಿ ಬಡಿಸಬೇಕು. ನನ್ನನ್ನು ಮೂರು ಹೊತ್ತು ಕಸ್ತೂರಿ ಎಂದು ಕರೆಯುತ್ತಿದ್ದಳು. ಕರೆದಾಗಲೆಲ್ಲ ನನ್ನೊಳಗೆ ಯಾರೋ ತಪ್ಪು ಬಾಗಿಲು ಬಡಿದ ಹಾಗಾಗುತ್ತಿತ್ತು. ಮಠದ ಅಜ್ಜಾರ ಹತ್ತಿರ ಒಯ್ದಳು. ಅವರು ನನ್ನನ್ನು ಅಂಗೈಯಲ್ಲಿ ಹಿಡಿದು, "ಕಣಕಣಕ್ಕೂ ಅರಿವು ಐತಿ ತಾಯಿ. ಮೈ ಮಣ್ಣಾದ್ರೂ ಅರಿವು ಮಣ್ಣಾಗಂಗಿಲ್ಲ" ಎಂದರು. ಅವರು ಸಮಾಧಾನಕ್ಕೆ ಹೇಳಿದ್ದು. ಇವಳು ಅದನ್ನು ಮಗಳು ಬದುಕಿರುವ ಸಾಕ್ಷಿಯೆಂದು ಸೆರಗಿಗೆ ಗಂಟು ಹಾಕಿಕೊಂಡು ಬಂದಳು.

ಗುರುಸಿದ್ದಪ್ಪ ಮಾಸ್ತರನಿಗೆ ದಿಕ್ಕು ತೋಚಲಿಲ್ಲ. ಒಂದು ಭಾನುವಾರ ಹೆಂಡತಿಯನ್ನು ಶಾಲೆಯ ಪ್ರಯೋಗಾಲಯಕ್ಕೆ ಕರೆದುಕೊಂಡು ಹೋದ. ನನ್ನಿಂದ ಒಂದು ತೆಳು ಪೊರೆ ಕೆರೆದು, ಬಣ್ಣ ಹಾಕಿ, ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದ ಕೆಳಗೆ ಸರಿಸಿದ. ಕೆಳಗಿನಿಂದ ನಾನು ಅವನ ಕಣ್ಣನ್ನು ನೋಡಿದೆ. ಮಸೂರದ ತುಂಬ ಅದೊಂದೇ ಕಣ್ಣು. ಅದರ ರೆಪ್ಪೆ ಒದ್ದೆಯಾಗಿತ್ತು. ಅವನಿಗೂ ಏನಾದರೂ ಕಂಡರೆ ಸಾಕು ಎಂಬ ಆಸೆ ಇತ್ತು, ಅದನ್ನು ನಾನು ಮಾತ್ರ ಬಲ್ಲೆ.

"ಖಾಲಿ ಮನಿ ಅದಾವ ನೀಲಾ" ಎಂದ ಕೊನೆಗೆ. "ಗ್ವಾಡಿ ಅಷ್ಟ ಉಳದಾವ. ಒಳಗ ಯಾರೂ ಇಲ್ಲ."

"ಖಾಲಿ ಮನಿ ಬಿಸಿ ಹೆಂಗ ಇರತೈತ್ರೀ?" ಎಂದು ನೀಲವ್ವ ಕೇಳಿದಳು. ಮಾಸ್ತರ ಗಾಜನ್ನು ಒರೆಸಿಟ್ಟು ಬಾಗಿಲು ಹಾಕಿದ.

ಮೂರು ವರ್ಷ ಹೀಗೇ ಕಳೆಯಿತು. ಒಂದು ಶ್ರಾವಣದಲ್ಲಿ ನಾನು ಸುಡತೊಡಗಿದೆ. ಒಂದು ದಿನವಲ್ಲ, ಎರಡು ದಿನವಲ್ಲ, ನಾಲ್ಕು ದಿನ. ಪ್ರಮೀಳಾ ಬಾಗಲಕೋಟೆಯ ಆಸ್ಪತ್ರೆಯಲ್ಲಿ ಜ್ವರದಲ್ಲಿ ಬಿದ್ದಿದ್ದಳು. ಬಾಳವ್ವನೂ ಅಲ್ಲೇ ಇದ್ದಳು. ದ್ರಾಕ್ಷಾಯಣಿ ತಾಯಿತ ಬಿಚ್ಚಿ ತೇಯಲು ಕೂತಾಗ ಮುದುಕಿ ಅವಳ ಕೈ ಹಿಡಿದಳಂತೆ. "ಇದನ್ನ ತೇಯಬ್ಯಾಡ" ಎಂದು ಅದನ್ನು ಕಸಿದುಕೊಂಡು ಸೀದಾ ಬಾದಾಮಿಯ ಬಸ್ಸು ಹತ್ತಿದಳು.

ಮಧ್ಯಾಹ್ನ ಬಾಳವ್ವ, ನೀಲವ್ವ, ಮಾಸ್ತರ ಮೂವರೂ ಪಡಸಾಲೆಯಲ್ಲಿ ಕೂತರು. ಬಾಳವ್ವ ಬಾಯಿ ತೆರೆಯುವ ಮುಂಚೆ ನೀಲವ್ವನೇ ಹೇಳಿದಳು.

"ಯವ್ವಾ, ನಾಕು ದಿನದಿಂದ ಇದು ಸುಡಾಕತ್ತೈತಿ. ನನ್ನ ಕಸ್ತೂರಿಗೆ ಎಲ್ಲೋ ಜ್ವರ ಬಂದೈತಿ."

ಬಾಳವ್ವನ ಮುಖ ಬಿಳಿಚಿತು. ಒಂಬತ್ತು ವರ್ಷ ಅವಳಿಗೆ ಇದ್ದದ್ದು ಅನುಮಾನ ಮಾತ್ರ. ಈಗ ಗೊತ್ತಾಗಿ ಹೋಯಿತು.

"ಜ್ವರ ಬಂದಿದ್ದು ಪ್ರಮೀಳಾಗ" ಎಂದಳು. "ನಾಕು ದಿನ ಆತು. ನೀಲಾ, ಬೆಕ್ಕು ಮೊರ ಉರುಳಿಸಿತ್ತು. ಎರಡೂ ಬಳ್ಳಿ ನೆಲಕ್ಕ ಬಿದ್ದಿದ್ವು. ಯಾವುದು ಯಾರದು ಅಂತ ನನಗ ತಿಳೀಲಿಲ್ಲ. ಬಾಯಿ ಮುಚ್ಕೊಂಡು ಕಟ್ಟಿಬಿಟ್ಟೆ. ನಿನ್ನ ಹತ್ರ ಇರೋದು ಪ್ರಮೀಳಾಂದು. ನಿಂದು ಇದು." ಸೆರಗಿನ ಗಂಟು ಬಿಚ್ಚಿ ಇನ್ನೊಂದು ತಾಯಿತವನ್ನು ಮಗಳ ಎಡಗೈಯಲ್ಲಿಟ್ಟಳು.

ನೀಲವ್ವನ ಬಲಗೈಯಲ್ಲಿ ನಾನು, ಎಡಗೈಯಲ್ಲಿ ಅದು. ಒಂಬತ್ತು ವರ್ಷಗಳ ಮೇಲೆ ನನ್ನ ಜೊತೆಗಾರ್ತಿಯನ್ನು ಕಂಡೆ. ಮಾತಾಡಿಸಿದೆ. ಅದು ಮಾತಾಡಲಿಲ್ಲ. ಬಾವಿಯ ತಳದ ಕಲ್ಲಿನ ಹಾಗೆ ತಣ್ಣಗಿತ್ತು.

"ಅಂದ್ರ ನನ್ನ ಕೂಸಿಗೆ ನಾ ತೇದು ಕುಡಿಸಿದ್ದು..." ನೀಲವ್ವನ ದನಿ ಏರಿತು. "ಬ್ಯಾರೇದವರ ಬಳ್ಳೀನಾ? ನೀ ಕೊಂದಿ ಯವ್ವಾ! ನೀನಽ ನನ್ನ ಮಗಳನ್ನ ಕೊಂದಿ!"

ಬಾಳವ್ವ ತಲೆ ಎತ್ತಲಿಲ್ಲ. ಆ ಮಾತನ್ನು ಅವಳು ಮೂರು ವರ್ಷದಿಂದ ತನಗೆ ತಾನೇ ಹೇಳಿಕೊಂಡಿದ್ದಳು.

"ನೀಲಾ" ಎಂದ ಮಾಸ್ತರ, ಮೆಲ್ಲಗೆ. "ಯಾವುದು ತೇದಿದ್ರೂ ಅಷ್ಟ. ಕಸ್ತೂರಿ ಸತ್ತಿದ್ದು ಮಿದುಳುಜ್ವರಕ್ಕ."

ಮೂರು ವರ್ಷದಲ್ಲಿ ಆ ಮನೆಯಲ್ಲಿ ಸತ್ತ ಮಾತನ್ನು ಯಾರಾದರೂ ಆಡಿದ್ದು ಅದೇ ಮೊದಲು. ಇಬ್ಬರೂ ಹೆದರಿ ನೀಲವ್ವನ ಮುಖ ನೋಡಿದರು. ಅವಳು ಜಗಳಕ್ಕೆ ಬರಲಿಲ್ಲ. ನನ್ನನ್ನು ಮುಷ್ಟಿಯಲ್ಲಿ ಹಿಡಿದು ಗೋಡೆಗೆ ಒರಗಿದಳು. ನನಗೆ ಅವಳ ನಾಡಿ ಕೇಳುತ್ತಿತ್ತು. ನನ್ನನ್ನು ಇಟ್ಟುಕೊಂಡರೆ ಅವಳ ಮಗಳು ಬದುಕಿರುತ್ತಾಳೆ, ತಾಟು ಹಾಕಬಹುದು, ಹೆಸರು ಹಿಡಿದು ಕರೆಯಬಹುದು. ಕೊಟ್ಟರೆ ಇಂದೇ, ಈ ಪಡಸಾಲೆಯಲ್ಲೇ ಕಸ್ತೂರಿ ಸಾಯುತ್ತಾಳೆ. ಕೊಡದಿದ್ದರೆ ಅಲ್ಲಿ ಮಂಚದ ಮೇಲಿರುವವಳ ಗತಿ ಏನು? ಅಮ್ಮಾ, ನನ್ನನ್ನು ಕಳಿಸು ಎಂದು ನಾನು ಬೇಡಿಕೊಂಡೆ. ನನ್ನ ಬಳಿ ಇದ್ದದ್ದು ಬಿಸಿಯೊಂದೇ, ಅದರಲ್ಲೇ ಬೇಡಿಕೊಂಡೆ.

ನೀಲವ್ವ ಎದ್ದು ಅಡುಗೆಮನೆಗೆ ಹೋದಳು. ಸಾಣೆಕಲ್ಲನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಗೆ ಬಂದಳು.

"ಬಸ್ಸು ಎಷ್ಟಕ್ಕೈತ್ರೀ?"

ಆಸ್ಪತ್ರೆಯಲ್ಲಿ ಅವಳು ನನ್ನನ್ನು ಯಾರ ಕೈಗೂ ಕೊಡಲಿಲ್ಲ. ಮಂಚದ ಪಕ್ಕದ ನೆಲದ ಮೇಲೆ ಕೂತು ತಾನೇ ತೇದಳು. ಅರ್ಧ ಸವೆದೆ. ಅವಳು ಬೆರಳ ತುದಿಯಲ್ಲಿ ಹಾಲು ತೆಗೆದುಕೊಂಡು ಹುಡುಗಿಯ ತುಟಿಯ ಹತ್ತಿರ ಹಿಡಿದಳು. ಕರೆಯಲು ಬಾಯಿ ತೆರೆದಳು. ನಾಲಗೆಯ ಮೇಲೆ ಯಾವ ಹೆಸರು ಇತ್ತೆಂದು ನನಗೆ ಗೊತ್ತು. ಅದನ್ನು ನುಂಗಿಕೊಂಡಳು.

"ಪ್ರಮೀಳಾ" ಎಂದಳು. "ಬಾಯಿ ತೆರಿಯವ್ವಾ."

ನಾನು ನನ್ನ ಮನೆಗೆ ಹೋದೆ. ಒಳಗೆ ಯಾರೂ ನನ್ನನ್ನು ಯಾರೆಂದು ಕೇಳಲಿಲ್ಲ.

ಅವಳಿಗೆ ಗುಣವಾದದ್ದು ನನ್ನಿಂದಲೋ ಡಾಕ್ಟರರ ಸಲಾಯಿನಿಂದಲೋ ನಾನರಿಯೆ, ಸುಳ್ಳು ಜಂಬ ಕೊಚ್ಚಿಕೊಳ್ಳುವ ಜಾತಿ ನನ್ನದಲ್ಲ. ಮೂರನೆಯ ದಿನ ಮಧ್ಯಾಹ್ನ ಜ್ವರ ಇಳಿಯಿತು. ಹುಡುಗಿ ಬೆವತು ಅರೆನಿದ್ದೆಯಲ್ಲಿದ್ದಳು. ನೀಲವ್ವ ಬೆವರು ಒರೆಸಲು ಬಗ್ಗಿದಳು. ಪ್ರಮೀಳೆಯ ಕೈ ಮೆಲ್ಲಗೆ ಮೇಲೆದ್ದು, ನೀಲವ್ವನ ಬಲಗಿವಿಯ ಬೆಂಡೋಲೆಯನ್ನು ಒಂದು ಬೆರಳಿನಿಂದ ಸರಿಸಿತು. ಆಮೇಲೆ ಎರಡು ಬೆರಳಲ್ಲಿ ಹಾಲೆಯನ್ನು ಹಿಡಿದುಕೊಂಡಿತು.

"ಅಯ್ಯ, ಇದೇನಕ್ಕಾ? ಆಕಿಗೆ ಈ ಚಾಳಿ ಇಲ್ಲಲ್ಲ" ಎಂದಳು ದ್ರಾಕ್ಷಾಯಣಿ.

ಬಗ್ಗಿದ ನೀಲವ್ವ ಹಾಗೇ ನಿಂತಳು. ಮೂರು ವರ್ಷದ ಅಳು ಆಗ ಬಂತು. ಮೈಯೆಲ್ಲ ನಡುಗಿದರೂ ಕಿವಿಯೊಂದನ್ನು ಅಲುಗಾಡದಂತೆ ಹಿಡಿದುಕೊಂಡು ಅತ್ತಳು. ಬಾಗಿಲಲ್ಲಿ ಚಹಾದ ಥರ್ಮಾಸು ಹಿಡಿದು ನಿಂತಿದ್ದ ಮಾಸ್ತರ ಇದನ್ನು ನೋಡಿದ. ಕನ್ನಡಕ ತೆಗೆದು ಒರೆಸಿದ, ಹಾಕಿಕೊಂಡ, ಮತ್ತೆ ನೋಡಿದ.

ಮರುವಾರ ನೀಲವ್ವ ಮಗಳನ್ನು ಮಣ್ಣು ಮಾಡಿದ ಜಾಗಕ್ಕೆ ಮೊದಲ ಸಲ ಹೋದಳು. ತಾಟು ಹಾಕುವುದನ್ನು ಬಿಟ್ಟಳು. ಬಾಳವ್ವನ ಜೊತೆ ಮಾತು ಶುರುವಾಗಲು ಇನ್ನೊಂದು ವರ್ಷ ಹಿಡಿಯಿತು. ತಣ್ಣಗಿನ ತಾಯಿತವನ್ನು ಕೊನೆಯವರೆಗೂ ಎದೆಗೆ ಕಟ್ಟಿಕೊಂಡಿದ್ದಳು. ಐದು ವರ್ಷದ ಹಿಂದೆ ಅವಳು ತೀರಿಕೊಂಡಾಗ ಅದೂ ಅವಳ ಜೊತೆ ಮಣ್ಣಿಗೆ ಹೋಯಿತು.

ಉಳಿದ ನಾನು ಈಗ ಪ್ರಮೀಳೆಯ ಕಪಾಟಿನಲ್ಲಿ, ಹಳೆಯ ಖಣದ ಕುಪ್ಪಸಗಳ ನಡುವೆ ಇದ್ದೇನೆ. ಅವಳಿಗೆ ನಲವತ್ತೇಳು. ಇವತ್ತಿಗೂ ಕಣ್ಣು ಹತ್ತುವಾಗ ಅವಳ ಬಲಗೈ ಗಾಳಿಯಲ್ಲಿ ಒಂದು ಕಿವಿಯನ್ನು ಹುಡುಕುತ್ತದೆ. ಎಚ್ಚರವಾದಾಗ ನಕ್ಕು, ಯಾಕೆ ಹೀಗೋ ಗೊತ್ತಿಲ್ಲ ಎನ್ನುತ್ತಾಳೆ. ಆರು ವರ್ಷ ಒಂದು ಮಗುವಿನ ಸೊಂಟದಲ್ಲಿದ್ದು, ಅವಳ ಬೆವರಿನಲ್ಲಿ ನೆನೆದ ಕಣಗಳು ಅಲ್ಲಿಂದ ಬರಿಗೈಯಲ್ಲಿ ಬಂದಾವೇ? ಕಪಾಟಿನ ಕತ್ತಲಲ್ಲಿ ಅವು ಈಗಲೂ ಹೆಸರು ಹೇಳಿಕೊಳ್ಳುತ್ತವೆ. ಪ್ರಮೀಳಾ, ಪ್ರಮೀಳಾ ಎನ್ನುತ್ತವೆ. ನಡುವೆ ಎಲ್ಲೋ ಒಂದೆರಡು, ಯಾರಿಗೂ ಕೇಳಬಾರದೆಂಬ ಹಾಗೆ, ಕಸ್ತೂರಿ ಎನ್ನುತ್ತವೆ. ನಾನು ಸುಮ್ಮನಿರಿ ಎಂದು ಗದರಿಸುವುದಿಲ್ಲ.