ಐದನೆಯ ‘ಯಾಕೆ’

ಮಹೇಶ್ವರ ವಕೀಲರು ಮಂಗಳೂರಿನಲ್ಲಿ ಒಂದು ದಿನದ ತರಬೇತಿಗೆ ಹೋಗಿ ಬಂದ ಮೇಲೆ ಪುತ್ತೂರಿನ ಅವರ ಆಫೀಸಿನ ಗೋಡೆಗೆ ದೊಡ್ಡದೊಂದು ಹಾಳೆ ಅಂಟಿತು. ತಪ್ಪಾದಾಗಲೆಲ್ಲ ಐದು ಸಲ ‘ಯಾಕೆ’ ಎಂದು ಕೇಳಬೇಕು, ಐದನೆಯ ಉತ್ತರದಲ್ಲಿ ಬೇರು ಸಿಗುತ್ತದೆ, ಬೇರು ಕಿತ್ತರೆ ಆಫೀಸು ಸುಧಾರಿಸುತ್ತದೆ. ಎಂಟು ತಿಂಗಳಲ್ಲಿ ನಾಲ್ಕು ಬೇರು ಸಿಕ್ಕಿದ್ದವು. ನಾಲ್ಕಕ್ಕೂ ಒಂದೇ ಹೆಸರು: ಗುಮಾಸ್ತ ನೌಷಾದ್.

ಐದನೆಯದು ಹವ್ವಮ್ಮನ ಕೇಸು. ಇಚಿಲಂಪಾಡಿಯಲ್ಲಿ ಅವಳ ಮನೆಯಿಂದ ರಸ್ತೆಗೆ ಬರುವ ದಾರಿಗೆ ಪಕ್ಕದವರು ಬೇಲಿ ಹಾಕಿದ್ದರು. ಗಂಡ ಮೊಯ್ದೀನ್‌ನನ್ನು ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಕುರ್ಚಿಯಲ್ಲಿ ಕೂರಿಸಿ, ತೋಡಿನ ನೀರು ದಾಟಿಸಿ ಹೊತ್ತು ತರಬೇಕು. ವಿಚಾರಣೆಯ ಮುನ್ನಾದಿನ ಎದುರು ಪಕ್ಷದ ವಕೀಲರು ಫೋನು ಮಾಡಿ, ನಾಳೆ ಮದುವೆಯಿದೆ, ಮುಂದೂಡುವ ಎಂದರು. ಮಹೇಶ್ವರರು ಆಯಿತು ಎಂದರು. ಹವ್ವಮ್ಮನಿಗೂ ಬರುವುದು ಬೇಡವೆಂದರು. ಕೋರ್ಟಿಗೆ ಹೇಳುವವರು ಯಾರೆಂದು ಇಬ್ಬರು ವಕೀಲರೂ ಕೇಳಿಕೊಳ್ಳಲಿಲ್ಲ. ಮರುದಿನ ಮೂರು ಸಲ ಕೂಗಿದರೂ ಯಾರೂ ಇಲ್ಲ; ದಾವೆ ವಜಾ ಆಯಿತು.

ಗೈರಾದ ಕಾರಣ ತೋರಿಸಿ ಅರ್ಜಿ ಹಾಕಿ ಅದನ್ನು ಮತ್ತೆ ಎಬ್ಬಿಸಲು ಮೂವತ್ತು ದಿನ. ಇವತ್ತು ಮೂವತ್ತನೆಯದು.

ಜೂನಿಯರ್ ಗಾನಶ್ರೀ ಕಂಪ್ಯೂಟರಿನಿಂದ ನೌಷಾದ್‌ನ ಹೆಸರಿನ ಅಫಿಡವಿಟ್ ತೆಗೆದುಕೊಟ್ಟಳು. ಅವನಿಗೆ ಅದು ಬಾಯಿಪಾಠ: ‘ನಾನು ಕಣ್ತಪ್ಪಿನಿಂದ ಡೈರಿಯಲ್ಲಿ ತಾರೀಕು ತಪ್ಪಾಗಿ ಬರೆದುಕೊಂಡೆ.’

“ಡೈರಿ ತೆಗ್ದು ನೋಡಿ ಸಾರ್. ತಾರೀಕು ಸರಿಯಾಗಿಯೇ ಉಂಟು.”

“ಗೊತ್ತುಂಟು ಮಾರಾಯ. ಎಲ್ಲ ಆಫೀಸಲ್ಲೂ ಇದನ್ನು ಗುಮಾಸ್ತರೇ ಹಾಕುದು. ಹೊಸ್ತಾ ಎಂತ?”

“ಹೋದ ಸಲ ಜಡ್ಜ್ ಕೇಳಿದ್ರಲ್ಲ, ನಿಮ್ಮ ಗುಮಾಸ್ತನಿಗೆ ಕಣ್ಣು ಕಾಣುದಿಲ್ವಾ ಅಂತ. ಕೋರ್ಟಿಡೀ ನಗಾಡಿತು. ಈ ಸಲ ನಂಬದಿದ್ರೆ ಹವ್ವಮ್ಮನ ಕೇಸೇ ಹೋಯ್ತು. ಇದ್ದದ್ದು ಬರೀರಿ, ಸಾರ್.”

“ನೀನು ಒಂಬತ್ತನೇ ಕ್ಲಾಸಿಗೇ ಬಿಟ್ಟವ. ನಿನ್ನ ಕೈ ತಪ್ಪಿತು ಅಂದ್ರೆ ಯಾರು ಬೇಕಾದ್ರೂ ನಂಬ್ತಾರೆ. ನಂದು ಅಂತ ಬರೆದ್ರೆ ನನ್ನ ಹೆಸರು ಎಂತ ಆಗ್ಬೇಕು?”

ನೌಷಾದ್ ಗೋಡೆಯ ಹಾಳೆಯತ್ತ ಕೈ ತೋರಿಸಿದ. “ಹಾಗಾದ್ರೆ ಐದು ಸಲ ಕೇಳುವ. ಕೇಸು ಯಾಕೆ ಹೋಯ್ತು? ಯಾರೂ ಇರ್ಲಿಲ್ಲ. ಯಾಕಿರ್ಲಿಲ್ಲ? ನೀವು ಬೇಡ ಅಂದ್ರಿ. ಯಾಕೆ ಬೇಡ ಅಂದ್ರಿ?”

ವಕೀಲರು ಗಡಿಯಾರ ನೋಡಿದರು. “ಗಂಟೆ ನಾಲ್ಕು. ಕೌಂಟರು ಮುಚ್ಚಿದ್ರೆ ಆ ಹೆಂಗಸಿಗೆ ದಾರಿ ಇಲ್ಲ. ಇನ್ನು ನಿನ್ನಿಷ್ಟ.”

ಹೊರಗಿನ ಬೆಂಚಿನಿಂದ ಎದ್ದು ಹವ್ವಮ್ಮ ಬಾಗಿಲಲ್ಲಿ ಇಣುಕಿ, ಮಗನನ್ನು ಕರೆದಂತೆ ನೌಷಾದ್‌ನನ್ನು ಕೇಳಿದಳು. “ಆಯ್ತಾ ಮೋನೆ? ಬಸ್ಸುಂಟು. ನಾಳೆ ಇವರನ್ನು ಹೊರ್ಬೇಕು.”

“ಯಾರೆಲ್ಲ ಹೊರುದು?”

“ಒಂದು ಬದಿ ನಾನು. ಇನ್ನೊಂದು ಬದಿಗೆ ಸಿಕ್ಕಿದವರು.”

ನೌಷಾದ್ ಸಹಿ ಹಾಕಿದ. ಪೆನ್ನು ಒತ್ತಿದ ರಭಸಕ್ಕೆ ಹಾಳೆ ಸ್ವಲ್ಪ ಹರಿಯಿತು. ನೋಟರಿಯ ಹತ್ತಿರ ಓಡಿದ, ಅಲ್ಲಿಂದ ಕೋರ್ಟಿಗೆ ಓಡಿದ, ಕೌಂಟರಿನವರು ಎದ್ದು ನಿಂತಾಗ ಅರ್ಜಿ ಒಳಗೆ ತೂರಿಸಿದ. ಸೀಲು ಬಿದ್ದ ಪ್ರತಿಯನ್ನು ಹವ್ವಮ್ಮನ ಕೈಗೆ ಕೊಟ್ಟು ಬಸ್ಸು ಹತ್ತಿಸಿದ.

ಮರಳಿ ಬಂದಾಗ ಗೋಡೆಯ ಹಾಳೆಯಲ್ಲಿ ಐದನೆಯ ಸಾಲು ಆಗಲೇ ತುಂಬಿತ್ತು: ಗುಮಾಸ್ತ. ಅದಕ್ಕೆ ಅಡ್ಡಗೆರೆ ಎಳೆದು ದಪ್ಪ ಅಕ್ಷರದಲ್ಲಿ ಬರೆದ: ‘ವಕೀಲರು ಫೋನಿನಲ್ಲೇ ಮುಂದೂಡಿದರು. ಕೋರ್ಟಿಗೆ ಹೇಳಲಿಲ್ಲ.’ ಬೆಂಚಿನಲ್ಲಿದ್ದ ಕಕ್ಷಿದಾರರಿಬ್ಬರು ಕತ್ತು ಚಾಚಿ ಓದಿದರು.

“ಅದನ್ನು ಹರಿದು ಹಾಕು,” ಎಂದರು ವಕೀಲರು, ಮೆಲ್ಲಗೆ.

“ಆ ಸಹಿ ಹವ್ವಮ್ಮನಿಗೆ ಹಾಕಿದ್ದು ಸಾರ್. ಇದು ನಿಮಗೆ.” ಡೈರಿಯನ್ನೂ ಬೀಗದ ಕೈಯನ್ನೂ ಮೇಜಿನ ಮೇಲಿಟ್ಟ.

ಚಪ್ಪಲಿ ಮೆಟ್ಟುವಾಗ ಕಿಟಕಿಯಲ್ಲಿ ಗಾನಶ್ರೀಯ ಕಂಪ್ಯೂಟರು ಕಂಡಿತು. ಅದೇ ಅಫಿಡವಿಟ್. ಅವಳು ‘ನೌಷಾದ್’ ಎಂಬುದನ್ನಷ್ಟೇ ಅಳಿಸಿ, ಗುಮಾಸ್ತನ ಹೆಸರಿನ ಜಾಗ ಖಾಲಿ ಇಟ್ಟು, ಉಳಿದದ್ದನ್ನು ಹಾಗೆಯೇ ಬಿಟ್ಟಳು.