ಒಂದು ಹಿಡಿ ಮೈದಾ

ಅಂಗನವಾಡಿಯಲ್ಲಿ ಯಾವುದೋ ಮಗುವಿನ ಹುಟ್ಟಿದಹಬ್ಬವೆಂದು ಎಲ್ಲರಿಗೂ ಕೇಕು ಹಂಚಿದ್ದರು. ಇಂಪನಾಳ ಕೈಗೆ ಮಾತ್ರ ಬಾಳೆಹಣ್ಣು ಕೊಟ್ಟಿದ್ದರು. ಹಾಗೆ ಮಾಡಿ ಎಂದು ಟೀಚರಮ್ಮನಿಗೆ ಮೊದಲೇ ಹೇಳಿಬಂದವಳು ತಾಯಿ ನಯನಳೇ. ಮಗು ಅಳಲಿಲ್ಲ. ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ, "ಅವ್ವಾ, ನನ್ ಹುಟ್ಟಿದಬ್ಬಕ್ಕೆ ಒಂದು ಕೇಕ್ ಮಾಡ್ಕೊಡ್ತೀಯಾ? ನಾನು ತಿನ್ನೋ ಅಂತದ್ದು," ಎಂದು ಕೇಳಿತು.

"ಮಾಡ್ಕೊಡ್ತೀನಿ ಕಣವ್ವ," ಎಂದಳು ನಯನ. ಯಾವ ಹಿಟ್ಟಿನಲ್ಲಿ ಮಾಡುವುದು ಎಂಬುದು ಆಗ ಅವಳಿಗೂ ಗೊತ್ತಿರಲಿಲ್ಲ.

ಇಂಪನಾಳಿಗೆ ಗೋಧಿ ಆಗುವುದಿಲ್ಲ. ಚಪಾತಿ, ರವೆ, ಮೈದಾ, ಶಾವಿಗೆ, ಯಾವ ವೇಷದಲ್ಲಿ ಹೊಟ್ಟೆಗೆ ಹೋದರೂ ಕರುಳು ಕೆಡುತ್ತದೆ. ಹಿಂದಿನ ವರ್ಷ ಮಗುವಿನ ಹೊಟ್ಟೆ ಉಬ್ಬಿ, ಕೈಕಾಲು ಕಡ್ಡಿಯಂತಾಗಿ, ಭೇದಿ ನಿಲ್ಲದೆ ಹೋದಾಗ ಹಂದನಕೆರೆಯಿಂದ ಚಿಕ್ಕನಾಯಕನಹಳ್ಳಿಗೆ, ಅಲ್ಲಿಂದ ತುಮಕೂರಿಗೆ ಹೊತ್ತುಕೊಂಡು ಓಡಿದ್ದರು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಮಕ್ಕಳ ಡಾಕ್ಟರಮ್ಮ ಗೋಧಿಯ ವಿಷಯ ಬಿಡಿಸಿ ಹೇಳಿ, "ಇದು ಒಡಹುಟ್ಟಿದವರಲ್ಲೂ ಇರಬಹುದು. ಇವಳಿಗೆ ಅಣ್ಣ, ಅಕ್ಕ ಇದ್ದಾರಾ?" ಎಂದು ಕೇಳಿದ್ದರು.

ನಯನ ಗಂಡನ ಮುಖ ನೋಡಿದಳು. ದಯಾನಂದ ನೆಲ ನೋಡಿದ.

ಅಣ್ಣ ಇದ್ದ. ಸಿದ್ದಾರ್ಥ. ಇಂಪನಾ ಹುಟ್ಟುವ ಮೊದಲೇ ತೀರಿಕೊಂಡಿದ್ದ. ಅವನಿಗೂ ಹೀಗೇ ಹೊಟ್ಟೆ ಉಬ್ಬಿತ್ತು, ಹೀಗೇ ಕೈಕಾಲು ಸೊರಗಿದ್ದವು. ಯಾವ ಡಾಕ್ಟರಿಗೂ ಹೊಳೆಯಲಿಲ್ಲ, ಟಾನಿಕ್ಕು ಬರೆದುಕೊಟ್ಟರು. ಅಜ್ಜಿ ರಾಮಕ್ಕ ತಾಯಿತ ಕಟ್ಟಿಸಿದಳು, ದೃಷ್ಟಿ ತೆಗೆದಳು. ಮೊಮ್ಮಗ ಸೊರಗಿದಷ್ಟೂ ಅವಳಿಗೆ ಅವನ ಮೈ ತುಂಬಿಸುವ ಹಟ ಹೆಚ್ಚಿತು. ಹುಳಿಯಾರಿನ ಕಡೆಯಿಂದ ಬರುವವರ ಕೈಲಿ ಬನ್ನು ತರಿಸಿ, ಹಸುವಿನ ಬಿಸಿ ಹಾಲಿನಲ್ಲಿ ಅದ್ದಿ, ತೊಡೆಯ ಮೇಲೆ ಕೂರಿಸಿಕೊಂಡು ದಿನ ಬೆಳಗಾದರೆ ತಿನ್ನಿಸುತ್ತಿದ್ದಳು. "ಒಂದೇ ಒಂದು ತುತ್ತು ಕಣಪ್ಪ, ನನ್ ದೊರೆ," ಎಂದು ಗೋಗರೆಯುತ್ತಿದ್ದಳು. ಒಂದು ಬೇಸಿಗೆಯಲ್ಲಿ ವಾಂತಿ ಭೇದಿ ಹತ್ತಿಕೊಂಡು, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮಗುವಿನ ಕೈ ತಣ್ಣಗಾಗಿತ್ತು.

ಇದನ್ನೆಲ್ಲ ಕೇಳಿದ ಡಾಕ್ಟರಮ್ಮ ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟರು. "ಈಗ ಖಚಿತವಾಗಿ ಹೇಳೋಕೆ ಆಗಲ್ಲಮ್ಮ. ಆದರೆ ಅದೇ ಇದ್ದಿರಬಹುದು," ಎಂದರು.

ಊರಿಗೆ ಮರಳುವ ಬಸ್ಸಿನಲ್ಲಿ ದಯಾನಂದ, "ಅವ್ವಂಗೆ ಮಾತ್ರ ಗೊತ್ತಾಗೋದು ಬ್ಯಾಡ ಕಣೇ," ಎಂದ. ನಯನ ಹೂಂ ಎಂದಳು.

ಆ ಹೂಂ ಹೊರುವುದು ಸುಲಭವಿರಲಿಲ್ಲ. ಸಿದ್ದಾರ್ಥನ ಮಾತು ಬಂದಾಗಲೆಲ್ಲ ರಾಮಕ್ಕ ಸೊಸೆಯತ್ತಲೇ ತಿರುಗುತ್ತಿದ್ದಳು. "ಬಸುರಿ ಹೆಂಗ್ಸು ಗ್ರಾಣ ಹಿಡ್ದಾಗ ಆಚೆ ಬರಬ್ಯಾಡ ಅಂತ ಬಡ್ಕೊಂಡೆ. ಕೇಳುದ್ಲಾ?" ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದಳು. ನಯನಳ ನಾಲಿಗೆ ತುದಿಗೆ ಉತ್ತರ ಬರುತ್ತಿತ್ತು. ಇಂಪನಾಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅನ್ನ ಕಲಸುತ್ತಿರುವ ಆ ಸುಕ್ಕುಗಟ್ಟಿದ ಕೈ ಕಂಡಾಗ ನುಂಗಿಕೊಳ್ಳುತ್ತಿದ್ದಳು.

ಕೇಕಿನ ಕೆಲಸಕ್ಕೆ ನಯನ ಪಕ್ಕದ ಮನೆಯ ಶಿಲ್ಪಳನ್ನು ಕೇಳಿದಳು. ಅವಳು ಕುಕ್ಕರಿನಲ್ಲಿ ಉಪ್ಪು ಹರಡಿ ಕೇಕು ಬೇಯಿಸುವುದನ್ನು ಫೋನಿನಲ್ಲಿ ನೋಡಿ ಕಲಿತಿದ್ದಳು. "ಮೈದಾ ಇಲ್ದೆ ಕಷ್ಟ ಕಣಕ್ಕ. ಅದ್ರಲ್ಲಿ ಒಂಥರಾ ಜಿಗಿ ಇರ್ತದೆ. ಕೇಕ್ ಹಿಡ್ಕೊಂಡು ನಿಲ್ಲೋದು ಅದ್ರಿಂದ್ಲೇ," ಎಂದಳು. ಡಾಕ್ಟರಮ್ಮ ಬೇಡವೆಂದದ್ದೂ ಆ ಜಿಗಿಯನ್ನೇ.

ಅಕ್ಕಿಯನ್ನು ಮಿಲ್ಲಿಗೆ ಕಳಿಸುವಂತಿರಲಿಲ್ಲ; ಅದೇ ಮಿಷನ್ನಿನಲ್ಲಿ ಊರವರ ಗೋಧಿಯೂ ಬೀಳುತ್ತದೆ. ಅಟ್ಟದ ಮೇಲಿದ್ದ ಬೀಸುವ ಕಲ್ಲನ್ನು ಇಳಿಸಿ, ತೊಳೆದು, ಮನೆಯಲ್ಲೇ ಬೀಸಿದಳು. ಬರೀ ಅಕ್ಕಿಹಿಟ್ಟಿನ ಕೇಕು ಚಾಕು ತಗಲುತ್ತಲೇ ಮರಳಿನಂತೆ ಉದುರಿತು. ಬರೀ ರಾಗಿಹಿಟ್ಟಿನದು ಮುದ್ದೆಗಿಂತ ಗಟ್ಟಿಯಾಯಿತು. ದಯಾನಂದ ಕೊಬ್ಬರಿ ಮಂಡಿಯಿಂದ ಬಂದವನು ಒಂದು ಚೂರು ಬಾಯಿಗೆ ಹಾಕಿಕೊಂಡು ಒಂದು ಚೊಂಬು ನೀರು ಕುಡಿದ. ಕಾಯಿಹಾಲು ಹಿಂಡಿ ಉಳಿದ ಹಿಪ್ಪೆಯನ್ನು ಬಿಸಿಲಲ್ಲಿ ಒಣಗಿಸಿ ಪುಡಿ ಮಾಡಿದಳು. ಅದು ಹಾಕಿದ ಹಾಲನ್ನೆಲ್ಲ ಕುಡಿದು ಒಣಕಲಾಯಿತು. ಕೊನೆಗೆ ಅಕ್ಕಿಯೇ ಹೆಚ್ಚು, ರಾಗಿ ಕಡಿಮೆ, ಹಾಲನ್ನೆಲ್ಲ ಕುಡಿಯದಷ್ಟು ಕಾಯಿಪುಡಿ, ಹಿಡಿಸಲಿಕ್ಕೆ ಕಳಿತ ಬಾಳೆಹಣ್ಣು ಮತ್ತು ಒಂದು ಮೊಟ್ಟೆ. ಅದು ಒಂದು ಮಟ್ಟಕ್ಕೆ ನಿಂತಿತು. ಅಂಚಿನಲ್ಲಿ ಬಿರುಕು ಮಾತ್ರ ಉಳಿಯಿತು.

ರಾಮಕ್ಕ ಇದನ್ನೆಲ್ಲ ಕಂಬಕ್ಕೆ ಒರಗಿ ನೋಡುತ್ತಿದ್ದಳು. ಮೊಮ್ಮಗಳ ಕೇಕು ಊರಿನ ಮಕ್ಕಳೆದುರು ಬಿರಿದು ನಿಲ್ಲುವುದು ಅವಳಿಗೆ ಇಷ್ಟವಿರಲಿಲ್ಲ.

ಹುಟ್ಟಿದಹಬ್ಬದ ಬೆಳಿಗ್ಗೆ ನಯನ ಹಿಟ್ಟು ಕಲಸಿಟ್ಟು ಹಸುವಿಗೆ ಹುಲ್ಲು ಹಾಕಲು ಹಿತ್ತಿಲಿಗೆ ಹೋದಳು. ಒಳಗೆ ಬಂದಾಗ ಅತ್ತೆ ಪಾತ್ರೆಯ ಮುಂದೆ ಕೂತಿದ್ದಳು. ಪಕ್ಕದಲ್ಲಿ ಅಂಕಮ್ಮನ ಅಂಗಡಿಯ ಮೈದಾ ಪೊಟ್ಟಣ ಬಾಯಿ ತೆರೆದಿತ್ತು. ಒಂದು ಹಿಡಿ ಪಾತ್ರೆಗೆ ಬಿದ್ದೂ ಆಗಿತ್ತು.

ನಯನ ಪಾತ್ರೆಯನ್ನು ಕಿತ್ತುಕೊಂಡಳು. "ಏನ್ ಮಾಡುದ್ರಿ ಅತ್ತೆ!"

"ಯಾಕಿಂಗೆ ಕಿರುಚ್ತೀಯೆ? ಒಂದು ಇಡಿ ಕಣೇ. ಬಿರೀದೇ ಇರ್ಲಿ ಅಂತ."

"ಎಷ್ಟ್ ಸಲ ಹೇಳೀನಿ, ಅವ್ಳಿಗೆ ಚಿಟಿಕೆನೂ ಆಗಲ್ಲ ಅಂತ!"

"ಬುಡು ಬುಡು. ಒಂದು ಇಡಿ ಹಿಟ್ಟಿಗೆ ಮಗ ಸತ್ತೋಗ್ತದಾ?"

"ಸತ್ತೋದ್ನಲ್ಲಾ ಅತ್ತೆ!"

ಬಾಯಿಂದ ಬಿದ್ದುಹೋಯಿತು. ಬಿದ್ದ ಮೇಲೆ ನಯನ ಒಂದು ಕೈಯಿಂದ ಬಾಯಿ ಮುಚ್ಚಿಕೊಂಡಳು. ರಾಮಕ್ಕ ಮೈದಾ ಮೆತ್ತಿದ ಕೈಯನ್ನು ಹಾಗೇ ಹಿಡಿದುಕೊಂಡು ಸೊಸೆಯ ಮುಖ ನೋಡಿದಳು.

"ಯಾರು?" ಎಂದಳು. ಕೇಳುವಾಗಲೇ ಅವಳಿಗೆ ಗೊತ್ತಾಗಿತ್ತು. "ಸಿದ್ದುಗೂ ಇದೇ ಇತ್ತಾ?"

ನಯನ ಎದುರಿಗೆ ಕೂತಳು. "ಗಟ್ಟಿಯಾಗಿ ಹೇಳೋಕೆ ಆಗಲ್ಲ ಅಂದ್ರು ಡಾಕ್ಟ್ರು. ಇದ್ರೂ ಇರಬೋದು ಅಂದ್ರು ಅಷ್ಟೇ. ಯಾರಿಗೂ ಗೊತ್ತಿರ್ಲಿಲ್ಲ ಅತ್ತೆ. ನಂಗೂ ಗೊತ್ತಿರ್ಲಿಲ್ಲ. ನಾನೂ ಚಪಾತಿ ತಿನ್ನುಸ್ತಿದ್ದೆ."

"ನೀನು ಯಾವಾಗ್ಲೋ," ಎಂದಳು ರಾಮಕ್ಕ. "ದಿನಾ ತಿನ್ನುಸ್ತಿದ್ದೋಳು ನಾನು. ಬ್ಯಾಡ ಅಂತ ಬಾಯಿ ಬಿಗಿ ಹಿಡಿಯೋನು ಕಣೇ ಅವನು. ನಾನೇ ಗಲ್ಲ ಅದುಮಿ ತುರುಕ್ತಿದ್ದೆ."

ಅಷ್ಟು ಹೇಳಿ ಎದ್ದು ತೋಟದ ಕಡೆ ಹೋದಳು. ಮಧ್ಯಾಹ್ನ ಊಟಕ್ಕೂ ಬರಲಿಲ್ಲ. ದಯಾನಂದ ಹುಡುಕಿಕೊಂಡು ಹೋದಾಗ ತೊಟ್ಟಿಯ ಹತ್ತಿರ ಕೂತು, ತೊಳೆದ ಕೈಯನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದಳು. ಮಗನನ್ನು ಕಂಡು, "ನಿಂಗೂ ಗೊತ್ತಿತ್ತೇನ್ಲಾ?" ಎಂದಳು. ಅವನು ಅವಳ ಒದ್ದೆ ಕೈಯನ್ನು ತನ್ನ ಟವಲಿನಲ್ಲಿ ಒರೆಸಿ, ಎಬ್ಬಿಸಿಕೊಂಡು ಬಂದ.

ಕೆಟ್ಟ ಹಿಟ್ಟನ್ನು ನಯನ ತಿಪ್ಪೆಗೆ ಸುರಿದಳು. ಶಿಲ್ಪಳ ಜೊತೆ ಮತ್ತೆ ಬೀಸಿ, ಬೇರೆ ಪಾತ್ರೆಯಲ್ಲಿ ಕಲಸಿ, ಸಂಜೆಗೆ ಕೇಕು ಮಾಡಿದಳು. ಇಂಪನಾ ಕತ್ತರಿಸಿ, ಮೊದಲ ಚೂರನ್ನು ಅಜ್ಜಿಯ ಬಾಯಿಗೆ ಹಿಡಿದು, "ಚೆನ್ನಾಗೈತಾ ಅಜ್ಜಿ?" ಎಂದಳು. "ಚೆನ್ನಾಗೈತೆ ಕಣವ್ವ," ಎಂದು ರಾಮಕ್ಕ ಕಣ್ಣೀರಿನ ಜೊತೆ ನುಂಗಿದಳು. ಮಗು ಅಜ್ಜಿಗೆ ಖುಷಿಯಾಗಿದೆ ಎಂದುಕೊಂಡು ಕುಣಿಯಿತು.

ಅಲ್ಲಿಂದ ಮುಂದೆ ರಾಮಕ್ಕ ಗ್ರಹಣದ ಮಾತು ಎತ್ತಲಿಲ್ಲ. ಅದು ನಿಂತದ್ದಕ್ಕೆ ನಯನಳಿಗೆ ಹಗುರವಾಗಬೇಕಿತ್ತು. ಆಗಲಿಲ್ಲ. ಯಾಕೆಂದರೆ ಅದರ ಜೊತೆಗೇ ರಾಮಕ್ಕ ಇಂಪನಾಳಿಗೆ ತಿನ್ನಿಸುವುದನ್ನೂ ಬಿಟ್ಟಳು. ಮಗು ತಟ್ಟೆ ಹಿಡಿದು ತೊಡೆಯೇರಿದರೆ, "ಅವ್ವನ ತಾವ ಹೋಗು ಕಣವ್ವ, ಅವ್ಳಿಗೆ ಗೊತ್ತಾಗ್ತದೆ," ಎಂದು ಇಳಿಸಿಬಿಡುತ್ತಿದ್ದಳು.

ಒಂದು ದಿನ ನಯನ ಬಿಸಿ ಅನ್ನಕ್ಕೆ ಸಾರು ಹಾಕಿ ತಾನೇ ಕಲಸಿ ತಂದು ಅತ್ತೆಯ ಮುಂದಿಟ್ಟಳು. "ಇದು ಅನ್ನ ಅತ್ತೆ. ಇದ್ರಲ್ಲಿ ಏನೂ ಇಲ್ಲ. ನೀವೇ ತಿನ್ಸಿ. ನಿಮ್ ಕೈಯ್ಯೇ ಬೇಕಂತೆ ಅವ್ಳಿಗೆ."

ರಾಮಕ್ಕ ತುತ್ತು ಕಟ್ಟಿದಳು. ಇಂಪನಾ ಬಾಯಿ ತೆರೆದು ಕಾದಳು. ಎತ್ತಿದ ಕೈ ಮಗುವಿನ ತುಟಿಯ ಹತ್ತಿರ ಬಂದು ನಿಂತಿತು. ರಾಮಕ್ಕ ತುತ್ತನ್ನು ತಟ್ಟೆಗೆ ಇಳಿಸಿ, ತಟ್ಟೆಯನ್ನು ಸೊಸೆಯ ಕಡೆ ಸರಿಸಿದಳು.

"ನನ್ನಿಂದ ಆಗಲ್ಲ ನಯನಾ," ಎಂದಳು.

ನಯನ ಅತ್ತೆಯ ಪಕ್ಕಕ್ಕೆ ಭುಜ ತಾಗುವಂತೆ ಕೂತು, ಮಗುವನ್ನು ಎಳೆದುಕೊಂಡು ತಿನ್ನಿಸತೊಡಗಿದಳು.