ಕಾಂತಮ್ಮ ಒಣಗಿಸಿದ ಬೂಷ್ಟು

೧೯೮೩ರಲ್ಲಿ ನಾನು ಅರಣ್ಯ ಇಲಾಖೆಯ ಲಿಂಗದಹಳ್ಳಿ ನರ್ಸರಿಯಲ್ಲಿ ಗಾರ್ಡ್. ಅಲ್ಲಿ ಸಸಿಗಳಿಗೆ ನೀರು ಹಾಕುತ್ತಿದ್ದವನು ಕಲ್ಲಪ್ಪ, ಹನ್ನೊಂದು ವರ್ಷದಿಂದ ದಿನಗೂಲಿ. ಆ ಬೇಸಿಗೆಯಲ್ಲಿ ಬೆಂಗಳೂರಿನಿಂದ ಒಂದು ಡಬ್ಬಿ ಬಂತು. ಒಳಗೆ ಬೂಷ್ಟು ಹಿಡಿದ ಮಣ್ಣು. ಈ ಬೂಷ್ಟು ಬೇರಿಗೆ ಅಂಟಿಕೊಂಡು ಸಸಿಗೆ ನೀರು, ಸಾರ ಎಳೆದು ಕೊಡುತ್ತದೆ, ಸರ್ವೆ ಮರದ ಸಸಿಗಳ ಬುಡಕ್ಕೆ ಹಾಕಿ ಎಂದು ಅದನ್ನು ಕಳಿಸಿದ ವಿಜ್ಞಾನಿ ಬರೆದಿದ್ದರು.

"ಈ ಡಬ್ಬಿ ಗೆದ್ರೆ ನಿನ್ ಹೆಸರು ಕಾಯಂಗೆ ಕಳಿಸ್ತೀನಿ ಕಣೋ" ಎಂದರು ರೇಂಜರ್, ಕಲ್ಲಪ್ಪನಿಗೆ.

ನರ್ಸರಿಯ ತಗಡಿನ ಶೆಡ್ಡು ಕಾದ ಹೆಂಚು. ತಂಪಾಗಿರಲೆಂದು ಕಲ್ಲಪ್ಪ ಡಬ್ಬಿಯನ್ನು ಮನೆಯಲ್ಲಿಟ್ಟ. ಅವನ ಹೆಂಡತಿ ಕಾಂತಮ್ಮ ಮುಚ್ಚಳ ತೆಗೆದಳು. ಬೂಷ್ಟು! ಸರ್ಕಾರದ ಸಾಮಾನು ಕೆಟ್ಟರೆ ಗಂಡನ ತಲೆಗೆ ಬರುತ್ತದೆಂದು ಮೂರು ದಿನ ಬಂಡೆಯ ಮೇಲೆ ಹರವಿ ಒಣಗಿಸಿ, ರಾಗಿಗೆ ಹಾಕುವಂತೆ ಬೇವಿನ ಸೊಪ್ಪು ಹಾಕಿ ಮುಚ್ಚಿಟ್ಟಳು.

ವಿಷಯ ತಿಳಿದ ಕಲ್ಲಪ್ಪ, ಒಣಗಿದರೆ ಬೂಷ್ಟು ಸಾಯುತ್ತದೆ, ಬೇಕಾಗಿದ್ದದ್ದು ಆ ಬೂಷ್ಟೇ ಎಂದು ಹೇಳಿದ. ಬೈಯಲಿಲ್ಲ. ನಾನಾಗಿದ್ದರೆ ಊರು ಒಂದಾಗುವ ಹಾಗೆ ಬೈದಿರುತ್ತಿದ್ದೆ.

"ಬೂಷ್ಟೇ ಬೇಕಿತ್ತಾ?" ಎಂದಳು ಕಾಂತಮ್ಮ. "ಹೆಪ್ಪು ಕೆಟ್ರೆ ಪಕ್ಕದ ಮನೆಗೆ ಹೋಗಲ್ವಾ? ಫಾರೆಸ್ಟ್ ಬಂಗ್ಲೆ ಹಿಂದೆ ಹಳೇ ಸರ್ವೆ ಮರ ಐತಲ್ಲ, ಅದ್ರ ಬುಡದ ಮಣ್ಣು ತನ್ನಿ."

ತಂದ. ಸಸಿಯ ಒಂದೊಂದು ಪಾಕೀಟಿಗೂ ಒಂದೊಂದು ಹಿಡಿ ಹಾಕಿದ. ನಾನು ನೋಡಿದರೂ ರೇಂಜರಿಗೆ ಹೇಳಲಿಲ್ಲ.

ನಾಲ್ಕು ತಿಂಗಳಲ್ಲಿ ಸಸಿಗಳು ಮೊಣಕಾಲೆತ್ತರ ಬಂದವು. ವಿಜ್ಞಾನಿ ಬಂದರು, ಒಂದನ್ನು ಕಿತ್ತು ಬೇರು ನೋಡಿ ಹಿಗ್ಗಿದರು. "ಡಬ್ಬಿ ಗೆದ್ದಿತು! ಇನ್ನೂ ಹನ್ನೆರಡು ನರ್ಸರಿಗೆ ಇದನ್ನೇ ಕಳಿಸೋಣ." ಕಾಯಂಗೆ ಕಲ್ಲಪ್ಪನ ಹೆಸರು ಬರೆಯಲು ರೇಂಜರ್ ಪೆನ್ನು ತೆಗೆದರು.

ಕಲ್ಲಪ್ಪ ತೆಪ್ಪಗಿದ್ದರೆ ಸಾಕಿತ್ತು. ಮನೆಗೆ ಹೋಗಿ ತುಂಬಿದ ಡಬ್ಬಿಯನ್ನೇ ತಂದು ಅವರ ಮುಂದಿಟ್ಟ, ಪೆದ್ದ.

"ಇದನ್ನ ಹಾಕ್ಲಿಲ್ಲ ಸ್ವಾಮಿ. ಹಳೇ ಮರದ ಮಣ್ಣು ಹಾಕ್ದೆ. ಇದನ್ನ ನಂಬ್ಕಂಡು ಬೇರೆ ಕಡೆ ಸಸಿ ಸತ್ರೆ?"

ವಿಜ್ಞಾನಿ ಮುಚ್ಚಳ ತೆಗೆದು ಮೂಸಿದರು. "ಒಣಗಿಸಿ ಬೇವು ಹಾಕಿದ್ದು ಯಾರು?"

"ನಾನೇ" ಎಂದ ಕಲ್ಲಪ್ಪ.

ರೇಂಜರ್ ಪೆನ್ನನ್ನು ಜೇಬಿಗಿಟ್ಟರು. ವರದಿಯಲ್ಲಿ ಪ್ರಯೋಗ ವಿಫಲ ಎಂದಾಯಿತು. ವಿಫಲವಾದ ಸಸಿಗಳು ಆರು ಲಾರಿ ತುಂಬಿ ನೆಡಲು ಹಿರೇನಲ್ಲೂರಿಗೆ ಹೋದವು.

ಕೊನೆಯ ಲಾರಿಗೆ ಸಸಿ ಏರಿಸುವಾಗ ಕಾಂತಮ್ಮ ಬುತ್ತಿ ತಂದಳು.

"ಕಾಯಂ ಆಯ್ತಾ?"

"ಇಲ್ಲ. ಡಬ್ಬಿ ಮಣ್ಣು ಹಾಕ್ಲಿಲ್ಲ ಅಂತ ಹೇಳ್ಬಿಟ್ಟೆ."

ಅವಳ ಮುಖ ಇಳಿಯಿತು. "ಒಣಗ್ಸಿದ್ದು ನಾನು ಅಂತ ಗೊತ್ತಾಯ್ತಾ ಅವ್ರಿಗೆ?"

ಕಲ್ಲಪ್ಪ ಬುತ್ತಿ ಬಿಚ್ಚಿದ. "ಅದನ್ನ ಯಾರೂ ಕೇಳ್ಲೇ ಇಲ್ಲ ಕಣೇ."